ಒಂದು ವಠಾರ, ಮೂರು ಲೆಡ್ಜರ್.. ಎಂಥ ಲೆಕ್ಕ ಮಾರಾಯ್ರೇ!

ಕಳೆದ ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ದಿನ ಎಪ್ಪತ್ತೆಂಟು ವರ್ಷದ ಒಬ್ಬರು ಅಮ್ಮನನ್ನು ನಾವು ಗೇಟಿನಲ್ಲೇ ನಿಲ್ಲಿಸಿದೆವು. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಒಬ್ಬರೇ ಬಂದಿದ್ದರು. ಪಾಸ್ ನೋಡುವ ಹುಡುಗನ ಮೊಬೈಲಿನಲ್ಲಿ ಕೆಂಪು ಅಕ್ಷರದಲ್ಲಿ "ಸದಸ್ಯತ್ವ ಮುಗಿದಿದೆ" ಅಂತ ಬಂತು. ಆಕೆ ವಾದ ಮಾಡಲಿಲ್ಲ. ಕೈಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಒಂದು ರಸೀದಿ ತೆಗೆದರು. ಆಜೀವ ಸದಸ್ಯತ್ವ, 1998. ಕೆಳಗೆ ಖಜಾಂಚಿಯ ಸಹಿ. ಆ ಸಹಿ ನನ್ನದು!

"ಆಜೀವ ಅಂದ್ರೆ ನಾನು ಹೋದ ಮೇಲೆ ಮುಗಿಯೋದಲ್ವಾ ಮಗಾ?" ಅಂತ ಕೇಳಿದರು. ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಆದರೆ ಊಟಕ್ಕೆ ನಿಲ್ಲಲಿಲ್ಲ ಅವರು.

ಆ ಸಂಜೆ ಇನ್ನೂ ಹತ್ತು ಮಂದಿ ಆಜೀವ ಸದಸ್ಯರಿಗೆ ಹೀಗೇ ಆಯಿತು. ಅವರೆಲ್ಲ ಜಗಳ ಮಾಡಿ ಒಳಗೆ ಹೋದರು ಅನ್ನಿ. ಜಗಳ ಬಾರದವರಿಗೆ ಮಾತ್ರ ನಮ್ಮ ಸಾಫ್ಟ್‌ವೇರಿನಿಂದ ಅವಮಾನ.

ಮರುದಿನ ಸಮಿತಿಯ ವಾಟ್ಸಪ್ಪಿನಲ್ಲಿ "ಸಣ್ಣ ಟೆಕ್ನಿಕಲ್ ಪ್ರಾಬ್ಲಮ್" ಅಂತ ಒಂದು ಸಾಲು ಬಂತು, ಕೆಳಗೆ ಆರು ಜನರ ಕೈಮುಗಿದ ಚಿತ್ರ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ದುಡಿದವ. ಕ್ಯಾಷ್ ಕೌಂಟರಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೆ ಅದು ಸಿಗುವವರೆಗೆ ಮನೆಗೆ ಹೋಗದ ಕಾಲದವ. ಟೆಕ್ನಿಕಲ್ ಪ್ರಾಬ್ಲಮ್ ಅಂದರೆ ಏನು ಅಂತ ಕೇಳದೆ ಬಿಡುವ ಜಾತಿಯವನಲ್ಲ. ಬಿ.ಕಾಂ. ಓದಿದವನಿಗೆ ಕೋಡು ಬರೆಯಲು ಬಾರದು, ಆದರೆ ಓದಲು ಮಗ ಕಲಿಸಿದ್ದಾನೆ. ಎರಡು ಭಾನುವಾರ ಕೂತು ಓದಿದೆ. ಓದಿ ಸಿಟ್ಟು ಬಂತು, ಅದಕ್ಕೇ ಈ ಬರಹ.

ನಮ್ಮ ಸಂಘಕ್ಕೆ ಮೂರು ಅಪ್ಲಿಕೇಶನ್ ಇವೆ. ಒಂದು ವೆಬ್‌ಸೈಟು, ಒಂದು ಕಾರ್ಯಕ್ರಮದ ಪಾಸಿನದ್ದು, ಇನ್ನೊಂದು ನನ್ನಂಥ ಖಜಾಂಚಿಗಳ ರಸೀದಿ, ಲೆಕ್ಕದ್ದು. ಮೂವರು ಹುಡುಗರು ಪುಕ್ಕಟೆಯಾಗಿ ಬರೆದುಕೊಟ್ಟದ್ದು. ಹಗಲೆಲ್ಲ ಕಂಪನಿ ಕೆಲಸ, ರಾತ್ರಿ ನಮ್ಮದು. ಅವರ ಮೇಲೆ ನನಗೆ ಗೌರವ ಉಂಟು, ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಅವರೇ ಮೂರನ್ನೂ ಒಂದು ಮಾನೋರೆಪೋಗೆ ತಂದರು. ಮಾನೋರೆಪೋ ಅಂದರೆ ನಮ್ಮ ಮುಂಬೈ ಚಾಳ್ ಇದ್ದ ಹಾಗೆ. ಬೇರೆ ಬೇರೆ ಸಂಸಾರ, ಕಾಂಪೌಂಡ್ ಒಂದೇ. ಎಲ್ಲರ ಕೋಡೂ ಒಂದೇ ಗಿಟ್ ಭಂಡಾರದಲ್ಲಿ: ಆ್ಯಪ್ಸ್ ಎಂಬ ಫೋಲ್ಡರಿನಲ್ಲಿ ಅಪ್ಲಿಕೇಶನ್ನುಗಳು, ಪ್ಯಾಕೇಜಸ್ ಎಂಬ ಫೋಲ್ಡರಿನಲ್ಲಿ ಎಲ್ಲರಿಗೂ ಸೇರಿದ ಸಾಮಾನು. ಗೂಗಲಿನವರು ಹೀಗೆ ಒಂದೇ ಭಂಡಾರದಲ್ಲಿ 200 ಕೋಟಿ ಸಾಲು ಕೋಡು ಇಟ್ಟಿದ್ದೇವೆ ಅಂತ 2016ರಲ್ಲಿ ಬರೆದುಕೊಂಡಿದ್ದರು. ನಮ್ಮ ಹುಡುಗರು ಸಭೆಯಲ್ಲಿ ಅದನ್ನೇ ಹೇಳಿದರು, ನಾವೂ ಚಪ್ಪಾಳೆ ತಟ್ಟಿದೆವು.

ಆದರೆ ಪ್ಯಾಕೇಜಸ್ ಫೋಲ್ಡರ್ ತೆಗೆದು ನೋಡಿದರೆ ಅಲ್ಲಿದ್ದದ್ದು ಸಂಘದ ಲಾಂಛನ, ಬಟನ್ನಿನ ಹಳದಿ ಕೆಂಪು ಬಣ್ಣ, ಎರಡು ಫಾಂಟು. ಬಟನ್ನು ಎಲ್ಲರಿಗೂ ಒಂದೇ, ಸದಸ್ಯರ ಪಟ್ಟಿಯ ವಿವರಣೆ ಮಾತ್ರ ಮೂರು ಮನೆಯಲ್ಲಿ ಮೂರು! ಡೇಟಾಬೇಸ್ ಒಂದೇ, ಪೋಸ್ಟ್‌ಗ್ರೆಸ್. ಆದರೆ ಯಾವ ಕೋಷ್ಟಕದಲ್ಲಿ ಯಾವ ಕಾಲಂ, ಅದು ಖಾಲಿ ಇರಬಹುದೇ ಇಲ್ಲವೇ ಅನ್ನುವುದನ್ನು ಬರೆದಿಟ್ಟ ಸ್ಕೀಮಾ ಫೈಲನ್ನು ಮೂವರೂ ಕಾಪಿ ಮಾಡಿ ತಮ್ಮ ತಮ್ಮ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು.

ಅಮ್ಮನಿಗೆ ಆದದ್ದು ಇಷ್ಟು, ಸ್ವಲ್ಪ ತಾಳ್ಮೆಯಿಂದ ಓದಿ. ಮೊದಲು ಪ್ರತಿ ಸದಸ್ಯನಿಗೂ "ಮುಗಿಯುವ ದಿನಾಂಕ" ಕಡ್ಡಾಯವಾಗಿತ್ತು. ಡ್ರಿಜಲ್ ಅನ್ನುವ ಸಲಕರಣೆಯ ಭಾಷೆಯಲ್ಲಿ ಆ ಕಾಲಮ್ಮಿನ ಮುಂದೆ ನಾಟ್‌ನಲ್ ಅಂತ ಬರೆಯುತ್ತಾರೆ. ಆಮೇಲೆ ಹಳೇ ಆಜೀವ ಸದಸ್ಯರನ್ನು ಸೇರಿಸುವಾಗ ಅವರಿಗೆ ಮುಗಿಯುವ ದಿನವೇ ಇಲ್ಲವಲ್ಲ, ಹಾಗಾಗಿ ಲೆಕ್ಕದ ಅಪ್ಲಿಕೇಶನ್ನಿನ ಹುಡುಗ ಡೇಟಾಬೇಸಿನಲ್ಲೂ ತನ್ನ ಕಾಪಿಯಲ್ಲೂ ಆ ನಾಟ್‌ನಲ್ ತೆಗೆದ. ಸರಿಯಾದ ಕೆಲಸವೇ. ಪಾಸಿನ ಅಪ್ಲಿಕೇಶನ್ನಿನ ಕಾಪಿಯಲ್ಲಿ ಅದು ಹಾಗೇ ಉಳಿಯಿತು. ಟೈಪ್‌ಸ್ಕ್ರಿಪ್ಟ್ ಅನ್ನುವ ಭಾಷೆ, "ಇದು ಖಾಲಿ ಇರಬಹುದು" ಅಂತ ಗೊತ್ತಿದ್ದರೆ ದಿನಾಂಕ ಹೋಲಿಸುವ ಸಾಲಿಗೆ ಕೆಂಪು ಗೆರೆ ಎಳೆದು ಅಲ್ಲೇ ತಡೆಯುತ್ತಿತ್ತು. ಹಳೇ ಕಾಪಿ ನೋಡಿ "ಯಾವಾಗಲೂ ದಿನಾಂಕ ಇರುತ್ತದೆ" ಅಂತ ನಂಬಿ ಸುಮ್ಮನಾಯಿತು. ಇನ್ನು ಜಾವಾಸ್ಕ್ರಿಪ್ಟಿನ ಬುದ್ಧಿ ಕೇಳಿ: ಖಾಲಿಯನ್ನು ಇವತ್ತಿನ ದಿನಾಂಕದ ಜತೆ ಹೋಲಿಸಿದರೆ ಅದು ಖಾಲಿಯನ್ನು ಸೊನ್ನೆ ಅಂತ ತಿಳಿಯುತ್ತದೆ. ಅದರ ಪಂಚಾಂಗದಲ್ಲಿ ಸೊನ್ನೆ ಅಂದರೆ 1970ರ ಜನವರಿ 1. ಅಂದರೆ ನಮ್ಮ ಆಜೀವ ಸದಸ್ಯರೆಲ್ಲರ ಸದಸ್ಯತ್ವ 1970ರಲ್ಲೇ ಮುಗಿದುಹೋಯಿತು. ಕೆಲವರು ಆಗ ಹುಟ್ಟಿಯೇ ಇರಲಿಲ್ಲ, ಅದು ಬೇರೆ ವಿಷಯ!

ಇದಕ್ಕೆ ಪರಿಹಾರ ಅಂತ ಸಮಿತಿಯ ಮುಂದೆ ಬಂದದ್ದು ಏನು ಗೊತ್ತಾ? ಮೂರೂ ಕಾಪಿಗಳನ್ನು ಪ್ರತಿ ರಾತ್ರಿ ಹೋಲಿಸಿ ನೋಡುವ ಇನ್ನೊಂದು ಸ್ಕ್ರಿಪ್ಟು. ಸುಳ್ಳು ಹೇಳುವ ಮೂವರು ಗುಮಾಸ್ತರಿದ್ದರೆ ನಾಲ್ಕನೆಯವನನ್ನು ಕಾವಲಿಗೆ ಇಟ್ಟ ಹಾಗೆ. ನಾನು ಎದ್ದು ಬೇಡ ಅಂದೆ. ನನ್ನ ವಾದ ಒಂದೇ. ಸ್ಕೀಮಾ ಒಂದೇ ಕಡೆ ಇರಬೇಕು, ಪ್ಯಾಕೇಜಸ್ ಫೋಲ್ಡರಿನೊಳಗೆ ಡಿಬಿ ಅಂತ ಒಂದು ಪ್ಯಾಕೇಜು. ಮೂರೂ ಅಪ್ಲಿಕೇಶನ್ನುಗಳು ಅಲ್ಲಿಂದಲೇ ತಂದುಕೊಳ್ಳಬೇಕು. "ಸದಸ್ಯತ್ವ ಚಾಲ್ತಿಯಲ್ಲಿದೆಯೇ?" ಅನ್ನುವ ಪ್ರಶ್ನೆಗೂ ಅಲ್ಲೇ ಒಂದೇ ಉತ್ತರ. ಬೇರೆ ಕಡೆ ಕಂಡ ಕಾಪಿಯನ್ನು ಅಳಿಸಿಹಾಕಬೇಕು.

ಇದು ಬೆಟ್ಟ ಅಗೆಯುವ ಕೆಲಸವಲ್ಲ. ನಮ್ಮಲ್ಲಿ ಇರುವುದು ಪಿಎನ್‌ಪಿಎಂ. ಅದರ ವರ್ಕ್‌ಸ್ಪೇಸ್ ಫೈಲಿನಲ್ಲಿ ಎರಡೂ ಫೋಲ್ಡರುಗಳ ಹೆಸರು ಆಗಲೇ ಇದೆ. ಹೊಸ ಪ್ಯಾಕೇಜಿಗೆ ಒಂದು ಹೆಸರು, ಹೊರಗೆ ಪ್ರಕಟವಾಗದಂತೆ ಪ್ರೈವೇಟ್ ಅಂತ ಒಂದು ಗುರುತು, ಯಾವುದನ್ನು ಹೊರಗಿನವರು ಮುಟ್ಟಬಹುದು ಅನ್ನುವ ಎಕ್ಸ್‌ಪೋರ್ಟ್ಸ್ ಪಟ್ಟಿ. ಅಪ್ಲಿಕೇಶನ್ನುಗಳಲ್ಲಿ ಆ ಹೆಸರಿನ ಮುಂದೆ ವರ್ಕ್‌ಸ್ಪೇಸ್ ಅಂತ ಬರೆದರೆ ಇಂಟರ್ನೆಟ್ಟಿನಿಂದ ತರುವ ಬದಲು ಪಕ್ಕದ ಮನೆಯದ್ದನ್ನೇ ಜೋಡಿಸಿಕೊಳ್ಳುತ್ತದೆ. ಮಗ ಒಂದು ಮಧ್ಯಾಹ್ನದಲ್ಲಿ ಮಾಡಿ ತೋರಿಸಿದ. ಜೋಡಿಸಿದ ತಕ್ಷಣ ಪಾಸಿನ ಅಪ್ಲಿಕೇಶನ್ನಿನಲ್ಲಿ ಆ ಸಾಲಿಗೆ ಕೆಂಪು ಗೆರೆ ಬಿತ್ತು ನೋಡಿ! ನವೆಂಬರಿನಲ್ಲಿ ಬೀಳಬೇಕಾಗಿದ್ದ ಗೆರೆ.

ಹುಡುಗರ ಆಕ್ಷೇಪ ಏನೆಂದರೆ, "ಸರ್, ಹೀಗೆ ಮಾಡಿದ್ರೆ ಒಬ್ಬ ಬದಲಾಯಿಸಿದ್ರೆ ಮೂವರಿಗೂ ತೊಂದರೆ." ಹೌದಪ್ಪ, ತೊಂದರೆ ಆಗಲಿ ಅಂತಲೇ ಹೇಳುತ್ತಿರುವುದು! ನಿಮ್ಮ ಪರದೆಯ ಮೇಲೆ ರಾತ್ರಿ ಹನ್ನೊಂದಕ್ಕೆ ಆಗಲಿ, ಗೇಟಿನಲ್ಲಿ ಆ ಅಮ್ಮನಿಗೆ ಯಾಕೆ ಆಗಬೇಕು? ಕಾಪಿ ಇಟ್ಟುಕೊಂಡರೆ ಮೂವರೂ ಸ್ವತಂತ್ರರು ಅನ್ನುವುದು ಭ್ರಮೆ. ಡೇಟಾಬೇಸ್ ಒಂದೇ ಇರುವಾಗ ಎಲ್ಲಿಯ ಸ್ವಾತಂತ್ರ್ಯ? ಮೂವರಿಗೂ ಬೇರೆ ಬೇರೆ ಡೇಟಾಬೇಸ್ ಕೊಟ್ಟು ನಡುವೆ ಎಪಿಐ ಇಡುವುದಾದರೆ ಅದು ಇನ್ನೊಂದು ಮಾತು, ದೊಡ್ಡ ಸಂಸ್ಥೆಗಳಲ್ಲಿ ಅದಕ್ಕೆ ಅರ್ಥ ಉಂಟು. ಮೂವರು ಹುಡುಗರು ಶನಿವಾರ ರಾತ್ರಿ ನಡೆಸುವ ಸಂಘಕ್ಕೆ ಅದು ಆನೆ ಸಾಕಿದ ಹಾಗೆ.

ನಾನು ಬ್ಯಾಂಕಿಗೆ ಸೇರಿದಾಗ ಉಳಿತಾಯಕ್ಕೊಂದು ಲೆಡ್ಜರ್, ಆರ್‌ಡಿಗೊಂದು, ಸಾಲಕ್ಕೊಂದು. ಒಬ್ಬನೇ ಗಿರಾಕಿ ಒಂದರಲ್ಲಿ ಕೆ. ಕೃಷ್ಣ ಭಟ್, ಇನ್ನೊಂದರಲ್ಲಿ ಕೃಷ್ಣ ಕೆ. ಭಟ್ಟ, ಮೂರನೆಯದರಲ್ಲಿ ಬರೀ ಕೆ.ಕೆ. ಭಟ್. ಆಮೇಲೆ ಶಾಖೆಯನ್ನು ಕೋರ್ ಬ್ಯಾಂಕಿಂಗಿಗೆ ಹಾಕುವಾಗ ನಾವು ನಾಲ್ಕೈದು ಮಂದಿ ವಾರಗಟ್ಟಲೆ ಕೂತು ಇವರೆಲ್ಲ ಒಬ್ಬರೇ ಅಂತ ಹುಡುಕಿದ್ದೇವೆ. ಹಳೇ ಸಹಿ ಕಾರ್ಡು ತೆಗೆದು, ಮೂಗಿಗೆ ಧೂಳು ಹಿಡಿಸಿಕೊಂಡು. ಅವತ್ತಿನವರಿಗೆ ಬೇರೆ ದಾರಿ ಇರಲಿಲ್ಲ, ಪುಸ್ತಕ ಭೌತಿಕವಾಗಿ ಮೂರು ಮೇಜಿನ ಮೇಲಿತ್ತು. ಇವತ್ತಿನವರು ದಾರಿ ಇದ್ದೂ ಮೂರು ಪುಸ್ತಕ ಮಾಡಿಕೊಂಡರಲ್ಲ, ಅದು ನನ್ನ ಸಿಟ್ಟು.

ಇನ್ನೊಂದು ಸಂಗತಿ ಕಂಡು ನಿದ್ದೆ ಹಾರಿತು. ಡ್ರಿಜಲ್ಲಿನಲ್ಲಿ ಡೇಟಾಬೇಸ್ ಬದಲಿಸಲು ಎರಡು ದಾರಿ. ಒಂದು, ಬದಲಾವಣೆಯನ್ನು ಮೈಗ್ರೇಶನ್ ಫೈಲಾಗಿ ಬರೆಸಿ, ನೋಡಿ, ಆಮೇಲೆ ಓಡಿಸುವುದು. ಇನ್ನೊಂದು ಪುಶ್. ಅದು ಫೈಲು ಗೀಲು ಬರೆಯುವುದಿಲ್ಲ, ನಿಮ್ಮ ಸ್ಕೀಮಾ ಹೇಗಿದೆಯೋ ಡೇಟಾಬೇಸನ್ನು ನೇರವಾಗಿ ಹಾಗೆ ಮಾಡಲು ಹೊರಡುತ್ತದೆ. ಸ್ಕೀಮಾದಲ್ಲಿ ಇಲ್ಲದ ಕೋಷ್ಟಕ ಇದ್ದರೆ ತೆಗೆಯಲು ನೋಡುತ್ತದೆ. ಮಾಹಿತಿ ಹೋಗುವ ಹಾಗಿದ್ದರೆ ಒಂದು ಮಾತು ಕೇಳುತ್ತದೆ ನಿಜ, ಆದರೆ ಫೋರ್ಸ್ ಅಂತ ಸೇರಿಸಿದರೆ ಅದೂ ಇಲ್ಲ. ನಮ್ಮ ಪಾಸಿನ ಕಾಪಿಯಲ್ಲಿ ರಸೀದಿ ಕೋಷ್ಟಕವೇ ಇರಲಿಲ್ಲ! ಯಾರಾದರೂ ಅರೆನಿದ್ದೆಯಲ್ಲಿ ಅಲ್ಲಿಂದ ಪುಶ್ ಒತ್ತಿ "ಹೂಂ" ಅಂದಿದ್ದರೆ, 1998ರಿಂದ ಈಚಿನ ರಸೀದಿಗಳು ಆ ಅಮ್ಮನ ಕೈಚೀಲದಲ್ಲಿ ಮಾತ್ರ ಉಳಿಯುತ್ತಿದ್ದವು.

ಅದಕ್ಕೇ ಎರಡನೇ ಬೇಡಿಕೆ. ಮೈಗ್ರೇಶನ್ ಓಡುವುದು ಆ ಡಿಬಿ ಪ್ಯಾಕೇಜಿನಿಂದ ಮಾತ್ರ, ಬರೆದವನು ಒಬ್ಬ, ಒಪ್ಪಿದವನು ಇನ್ನೊಬ್ಬ. ಬ್ಯಾಂಕಿನಲ್ಲಿ ಮೇಕರ್ ಚೆಕರ್ ಅನ್ನುತ್ತೇವೆ. ಪೋಸ್ಟ್‌ಗ್ರೆಸ್ಸಿನಲ್ಲಿ ಎರಡು ಬೇರೆ ಬಳಕೆದಾರರನ್ನು ಮಾಡಬಹುದು: ದಿನನಿತ್ಯದ ಅಪ್ಲಿಕೇಶನ್ನಿಗೆ ಓದಲು, ಬರೆಯಲು ಮಾತ್ರ ಹಕ್ಕು, ಕೋಷ್ಟಕದ ಆಕಾರ ಬದಲಿಸುವ ಹಕ್ಕು ಮೈಗ್ರೇಶನ್ನಿನ ಬಳಕೆದಾರನಿಗೆ. ಕ್ಯಾಷಿಯರನ ಕೈಯಲ್ಲಿ ಸ್ಟ್ರಾಂಗ್ ರೂಮಿನ ಎರಡೂ ಕೀ ಕೊಡುತ್ತೇವೆಯೇ?

ಹುಡುಗರ ಒಂದು ಆಕ್ಷೇಪ ಮಾತ್ರ ನ್ಯಾಯವಾದದ್ದು, ಒಪ್ಪಿಕೊಂಡೆ. ಕೋಡು ಒಂದೇ ಕಡೆ ಇದ್ದರೂ ಮೂರು ಅಪ್ಲಿಕೇಶನ್ ಒಂದೇ ನಿಮಿಷಕ್ಕೆ ಸರ್ವರಿಗೆ ಏರುವುದಿಲ್ಲ. ಕಾಲಮ್ಮಿನ ಹೆಸರು ಇವತ್ತು ಬದಲಿಸಿದರೆ, ಇನ್ನೂ ಹಳೇ ಕೋಡು ಓಡಿಸುತ್ತಿರುವ ಅಪ್ಲಿಕೇಶನ್ ಮಗುಚಿ ಬೀಳುತ್ತದೆ. ಸರಿ. ಇದಕ್ಕೂ ನಮ್ಮ ಬ್ಯಾಂಕಿಂಗಿನಲ್ಲೇ ಉತ್ತರ ಉಂಟು. ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾದದ್ದು 2020ರ ಏಪ್ರಿಲ್ 1ಕ್ಕೆ. ಊರಿನವರು ಬಹಳ ಮಂದಿಗೆ ಅದರಲ್ಲಿ ಖಾತೆ ಇತ್ತಲ್ಲ, ನೆನಪಿರಬಹುದು. ಎಸ್‌ವೈಎನ್‌ಬಿ ಅಂತ ಶುರುವಾಗುವ ಹಳೇ ಐಎಫ್‌ಎಸ್‌ಸಿ ಕೋಡು ಅವತ್ತೇ ಸಾಯಲಿಲ್ಲ. 2021ರ ಜೂನ್ 30ರವರೆಗೆ ನಡೆಯಿತು, ಹದಿನೈದು ತಿಂಗಳು. ಹೊಸತು ಕೊಟ್ಟು, ಹಳತನ್ನೂ ನಡೆಸಿ, ಎಲ್ಲರೂ ದಾಟಿದ ಮೇಲೆ ಹಳತನ್ನು ಮುಚ್ಚಿದರು. ಕಾಲಮ್ಮಿಗೂ ಹಾಗೇ ಮಾಡಿ. ಹೊಸ ಕಾಲಂ ಸೇರಿಸಿ, ಕೆಲವು ದಿನ ಎರಡಕ್ಕೂ ಬರೆಯಿರಿ, ಮೂರೂ ಅಪ್ಲಿಕೇಶನ್ ಏರಿದ ಮೇಲೆ ಹಳತನ್ನು ತೆಗೆಯಿರಿ.

ಪ್ಯಾಕೇಜು ಒಂದಾದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಅಂತಲೂ ಅಲ್ಲ. ಸಂಪರ್ಕ ಒಂದೇ ಆಗುವುದಿಲ್ಲ, ಓಡುವ ಪ್ರತಿ ಅಪ್ಲಿಕೇಶನ್ನೂ ತನ್ನದೇ ಗುಂಪು ಸಂಪರ್ಕ ತೆರೆಯುತ್ತದೆ. ಪೋಸ್ಟ್‌ಗ್ರೆಸ್ಸಿನಲ್ಲಿ ನಾವು ಬದಲಿಸದಿದ್ದರೆ ಒಟ್ಟು ಮಿತಿ 100. ನೋಡ್‌ನಲ್ಲಿ ಬಳಸುವ ಪಿಜಿ ಗ್ರಂಥಾಲಯ ಒಂದು ಪೂಲಿಗೆ 10 ತೆಗೆದುಕೊಳ್ಳುತ್ತದೆ. ಪುಟಕ್ಕೊಂದು ಪೂಲ್ ತೆರೆದರೆ ರಾಜ್ಯೋತ್ಸವದ ಬುಕಿಂಗ್ ದಿನ ಕೌಂಟರ್ ಬಂದ್! ಹಾಗೇ, ಡಿಬಿ ಪ್ಯಾಕೇಜು ಅಂತ ಹೇಳಿ ಅದರೊಳಗೆ ಇಮೇಲು, ರಸೀದಿಯ ಪಿಡಿಎಫ್, ಊಟದ ಮೆನು ಎಲ್ಲ ತುರುಕಬೇಡಿ. ಅಟ್ಟ ಅಂತ ಇದ್ದರೆ ಹಳೇ ಕೊಡೆಯೂ ಅಲ್ಲಿಗೇ ಹೋಗುತ್ತದೆ, ಗೊತ್ತಲ್ಲ.

ಒಂದು ಸಣ್ಣ ವಿಷಯ ಮರೆತೆ. ಒಬ್ಬ ಸದಸ್ಯ ಏಪ್ರಿಲ್ 1ರ ರಾತ್ರಿ ಒಂದೂಕಾಲು ಗಂಟೆಗೆ ಆನ್‌ಲೈನಿನಲ್ಲಿ ಹಣ ಕಟ್ಟಿದರು. ಡೇಟಾಬೇಸಿನ ಗಡಿಯಾರ ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದೆ, ಅಲ್ಲಿ ಮಾರ್ಚ್ 31ರ 7.45. ಒಂದು ಅಪ್ಲಿಕೇಶನ್ ಹಳೇ ಆರ್ಥಿಕ ವರ್ಷಕ್ಕೆ ಹಾಕಿತು, ಇನ್ನೊಂದು ಹೊಸತಕ್ಕೆ. ಆರ್ಥಿಕ ವರ್ಷ ಯಾವುದು ಅಂತ ಲೆಕ್ಕ ಹಾಕುವ ನಾಲ್ಕು ಸಾಲೂ ಈಗ ಆ ಪ್ಯಾಕೇಜಿಗೇ ಹೋಗಿದೆ. ಆಡಿಟರಿಗೆ ಉತ್ತರ ಕೊಡಬೇಕಾದವನು ನಾನು ತಾನೇ.

ನಾನೂ ಸಾಚಾ ಅಲ್ಲ ಬಿಡಿ. ಎರಡು ವರ್ಷದ ಹಿಂದೆ ಒಬ್ಬ ಹುಡುಗ, "ಡೇಟಾಬೇಸ್ ಪ್ಯಾಕೇಜು ಬೇರೆ ಮಾಡಲು ಇನ್ನೆರಡು ವಾರ ಬೇಕು" ಅಂದಿದ್ದ. "ಯುಗಾದಿ ಕಾರ್ಯಕ್ರಮ ಹತ್ತಿರ ಬಂತು, ಸದ್ಯಕ್ಕೆ ಕಾಪಿ ಮಾಡಪ್ಪಾ" ಅಂದವನು ನಾನೇ. ಸಭೆಯ ನಡಾವಳಿ ಪುಸ್ತಕದಲ್ಲಿ ಅದೂ ದಾಖಲಾಗಿದೆ, ನನ್ನದೇ ಕೈಬರಹದಲ್ಲಿ.

ಹೋದ ಭಾನುವಾರ ಸಮಿತಿ ಒಪ್ಪಿತು. ಒಬ್ಬರು ಮಾತ್ರ "ನಡೀತಾ ಇತ್ತಲ್ಲ" ಅಂತ ಗೊಣಗಿದರು. ಹುಡುಗರು ಎರಡು ಕಾಪಿ ಅಳಿಸಿದ್ದಾರೆ, ಮೂರನೆಯದ್ದು ಈ ಶನಿವಾರ. ನಾನು ಹಳೇ ರಸೀದಿ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಆಜೀವ ಸದಸ್ಯರನ್ನು ಒಬ್ಬೊಬ್ಬರಾಗಿ ತಾಳೆ ನೋಡುತ್ತಿದ್ದೇನೆ. ಪುಸ್ತಕದಲ್ಲಿ 214, ಡೇಟಾಬೇಸಿನಲ್ಲಿ 213. ಆ ಒಬ್ಬರು ಯಾರು ಅಂತ ಇನ್ನೂ ಸಿಕ್ಕಿಲ್ಲ.