ಉಳದಿದ್ದರೆ ಉಳಿಯದು

2022ರ ಸ್ಪೆಕ್ಟ್ರಮ್ ಹರಾಜಿನಲ್ಲಿ ಸರ್ಕಾರ 5ಜಿಗೆಂದು 3300ರಿಂದ 3670 ಮೆಗಾಹರ್ಟ್ಸ್‌ವರೆಗಿನ ತರಂಗಾಂತರಗಳನ್ನು ಮಾರಾಟಕ್ಕಿಟ್ಟಿತು. ಅದರ ಮೊದಲ ನೂರು ಮೆಗಾಹರ್ಟ್ಸ್ ಹವ್ಯಾಸಿ ರೇಡಿಯೋ ನಿಯಮಗಳ ಪಟ್ಟಿಯಲ್ಲಿದ್ದ ಜಾಗ. ಬೇರೆಯವರಿಗೆ ತೊಂದರೆ ಕೊಡದೆ, ಬೇರೆಯವರಿಂದ ರಕ್ಷಣೆಯನ್ನೂ ಕೇಳದೆ ಬಳಸಿಕೊಳ್ಳಿ ಎಂದು ಹ್ಯಾಮ್‌ಗಳಿಗೆ ಬಿಟ್ಟಿದ್ದ ಹಿತ್ತಿಲು ಅದು. ಈಗ ಅದು ಮೊಬೈಲ್ ಟವರ್‌ಗಳ ಪಾಲು. ಕಸಿದುಕೊಂಡರು ಎಂದು ದೂರಬಹುದು. ಆದರೆ ಕಸಿದುಕೊಂಡ ದಿನ ಆ ಹಿತ್ತಿಲಲ್ಲಿ ಯಾರಿದ್ದರು?

ಹೆಚ್ಚುಕಡಿಮೆ ಯಾರೂ ಇರಲಿಲ್ಲ. ಇಂದಿನ ಹ್ಯಾಮ್ ಪರೀಕ್ಷೆ ಪಾಸು ಮಾಡುತ್ತಾರೆ, ಕರೆಸಂಕೇತ ಪಡೆಯುತ್ತಾರೆ, ಅಂಗೈಯಗಲದ ಚೀನೀ ಸೆಟ್ ಕೊಳ್ಳುತ್ತಾರೆ, ಊರಿನ ರಿಪೀಟರ್‌ಗೆ ಶುಭೋದಯ ಹೇಳುತ್ತಾರೆ. ಸಿಗ್ನಲ್ ಚೆನ್ನಾಗಿದೆ ಎಂದು ಆ ಕಡೆಯವರು ಹೇಳಿದರೆ ದಿನ ಸಾರ್ಥಕ. ಇದು ತಪ್ಪಲ್ಲ, ಆದರೆ ಇಷ್ಟೇ ಆದರೆ ಸಾಲದು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ವ್ಯಾಖ್ಯೆಯಲ್ಲಿ ಹವ್ಯಾಸಿ ರೇಡಿಯೋ ಎಂದರೆ ಹಣದಾಸೆಯಿಲ್ಲದ ಸ್ವಯಂ ಕಲಿಕೆ, ಪರಸ್ಪರ ಸಂಪರ್ಕ ಮತ್ತು ತಾಂತ್ರಿಕ ಶೋಧನೆ. ಮೂರರಲ್ಲಿ ಎರಡನ್ನು ಬಿಟ್ಟು ಒಂದನ್ನೇ ಹಿಡಿದುಕೊಂಡವರಿಗೆ, ಶೋಧನೆಗೆಂದು ಕೊಟ್ಟ ತರಂಗಾಂತರದ ಮೇಲೆ ಎಷ್ಟು ಹಕ್ಕಿರುತ್ತದೆ?

ಕನ್ನಡಿಗರಿಗೆ ಈ ನ್ಯಾಯ ಹೊಸದೇನಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯ ನಂತರ, ಉಳುವವನೇ ಹೊಲದೊಡೆಯನಾದ. ಆದರೆ ಉತ್ತರಷ್ಟೇ ಸಾಲುತ್ತಿರಲಿಲ್ಲ. ಉಳುತ್ತಿದ್ದೇನೆಂದು ಫಾರಂ ನಂ. 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಿತ್ತು. ತರಂಗಾಂತರದ ಲೆಕ್ಕವೂ ಹೀಗೆಯೇ. 2023ರ ಕೊನೆಯಲ್ಲಿ ದುಬೈನಲ್ಲಿ ನಡೆದ ವಿಶ್ವ ರೇಡಿಯೋ ಸಮ್ಮೇಳನದಲ್ಲಿ 1240–1300 ಮೆಗಾಹರ್ಟ್ಸ್‌ನ ಹವ್ಯಾಸಿ ಬಳಕೆಯಿಂದ ಉಪಗ್ರಹ ನ್ಯಾವಿಗೇಶನ್‌ಗೆ ತೊಂದರೆಯಾಗದಂತೆ ನೋಡಿಕೊಳ್ಳುವ ವಿಷಯ ಚರ್ಚೆಗೆ ಬಂತು. ಪಟ್ಟಿ ಉಳಿಯಿತು, ಶಕ್ತಿಯ ಮೇಲೆ ಮಿತಿಗಳ ಶಿಫಾರಸು ಬಂತು. ಅಂಥ ಮೇಜಿನ ಮುಂದೆ ನಡೆಯುವುದು ಭಾವುಕ ಭಾಷಣವಲ್ಲ. ಯಾರು, ಎಲ್ಲಿ, ಎಷ್ಟು ಬಳಸುತ್ತಿದ್ದಾರೆ ಎಂಬ ದಾಖಲೆ.

ಭಾರತದ ಪಟ್ಟಿಯಲ್ಲಿರುವ ಇನ್ನೊಂದು ಹೊಲ 5725ರಿಂದ 5840 ಮೆಗಾಹರ್ಟ್ಸ್. ಅದನ್ನೇಕೆ ಉಳುತ್ತಿಲ್ಲ ಎಂದು ಕೇಳಿದರೆ ಮೂರು ಉತ್ತರ ಸಿದ್ಧವಾಗಿರುತ್ತವೆ.

ಮೊದಲನೆಯದು, ಮೈಕ್ರೋವೇವ್ ದುಬಾರಿ. ಇದು ಮೂವತ್ತು ವರ್ಷ ಹಳೆಯ ಮಾತು. ಡ್ರೋನ್ ಹಾರಿಸುವವರು ಬಳಸುವ, ಬೆರಳಿನಷ್ಟು ಉದ್ದದ ವಿಡಿಯೋ ಟ್ರಾನ್ಸ್‌ಮಿಟರ್‌ಗಳು ಇದೇ ಪಟ್ಟಿಯ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಇಲ್ಲಿ ಅಲೆಯ ಉದ್ದ ಸುಮಾರು 5 ಸೆಂಟಿಮೀಟರ್. ಕೇಬಲ್ ಕಡಿತವಾದ ಮನೆಗಳ ತಾರಸಿಯಲ್ಲಿ ತುಕ್ಕು ಹಿಡಿಯುತ್ತಿರುವ 60 ಸೆಂಟಿಮೀಟರ್ ಡಿಟಿಎಚ್ ಡಿಶ್‌ನ ನಾಭಿಯಲ್ಲಿ ಸರಿಯಾದ ಫೀಡ್ ಇಟ್ಟರೆ, ಒಂದೇ ದಿಕ್ಕಿನಲ್ಲಿ ಸಿಗ್ನಲ್ ಸುಮಾರು 700 ಪಟ್ಟು ಹಿಗ್ಗುತ್ತದೆ. 25 ಮಿಲಿವ್ಯಾಟ್ ಆ ದಿಕ್ಕಿಗೆ ಹದಿನೇಳು ವ್ಯಾಟ್‌ನಂತೆ ಕಾಣುತ್ತದೆ. ಡಿಶ್ ಗುಜರಿಯದು, ಗಳಿಕೆ ರೇಖಾಗಣಿತದ್ದು.

ಎರಡನೆಯದು, ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಹೋಗುತ್ತದೆ. ಇದು ಅರ್ಧ ಸತ್ಯ. ಸಹ್ಯಾದ್ರಿಯ ಒಂದು ತುದಿ ಏರಿದರೆ ಕಣ್ಣಿಗೆ ಕಾಣುವ ದೂರವೇ ನೂರು ಕಿಲೋಮೀಟರ್ ದಾಟುತ್ತದೆ. ಅದರಾಚೆಗೂ ದಾರಿಯಿದೆ. ಮಳೆಮೋಡದಲ್ಲಿರುವ ಹನಿಗಳಿಂದ ಚದುರಿದ ಮೈಕ್ರೋವೇವ್ ಸಿಗ್ನಲ್ ಹಿಡಿದು ಯೂರೋಪಿನ ಹವ್ಯಾಸಿಗಳು ನೂರಾರು ಕಿಲೋಮೀಟರ್ ದೂರ ಮಾತಾಡುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬೈಯ ರಾಡಾರ್, ಬೇಸಗೆಯ ಬಿಸಿಗಾಳಿ ಸಮುದ್ರದ ಮೇಲೆ ಹಾಸಿದ ಪದರದಡಿಯ ನಾಳದಲ್ಲಿ ಸಾವಿರಕ್ಕೂ ಹೆಚ್ಚು ಮೈಲಿಯಾಚೆಯ ಅರೇಬಿಯಾ ತೀರವನ್ನು ಕಂಡಿತ್ತು. ಆ ರಾಡಾರ್‌ನ ಅಲೆ ಇದಕ್ಕಿಂತ ಬಹಳ ಉದ್ದದ್ದು. ನಾಳಕ್ಕೆ ಸಿಕ್ಕಿಬೀಳುವುದರಲ್ಲಿ ಚಿಕ್ಕ ಅಲೆಗಳು ಇನ್ನೂ ಸುಲಭ. ಜೂನ್‌ನಲ್ಲಿ ಘಟ್ಟದ ಮಳೆ, ಏಪ್ರಿಲ್‌ನಲ್ಲಿ ಅರಬ್ಬೀ ಸಮುದ್ರದ ನಾಳ: ಇಂಥ ಪ್ರಯೋಗಶಾಲೆ ಇಟ್ಟುಕೊಂಡು ದೂರ ಹೋಗುವುದಿಲ್ಲ ಎನ್ನುವುದು, ಹೊಳೆಯ ದಂಡೆಯಲ್ಲಿ ಕೂತು ನೀರಿಲ್ಲ ಎಂದಂತೆ.

ಮೂರನೆಯದು, ಆ ಪಟ್ಟಿಯಲ್ಲಿ ಮಾತಾಡಲು ಯಾರೂ ಇಲ್ಲ. ಇದೊಂದೇ ಪೂರ್ತಿ ನಿಜ. ಆದರೆ ಇದಕ್ಕೆ ಕಾರಣ ಇದೇ ಉತ್ತರ.

ಇಷ್ಟಾದ ಮೇಲೆ ಕೊನೆಯ ಅಸ್ತ್ರ ಹೊರಬರುತ್ತದೆ: ಹ್ಯಾಮ್ ರೇಡಿಯೋ ಇರುವುದು ವಿಪತ್ತಿಗೆ. 2004ರ ಸುನಾಮಿಯಲ್ಲಿ ಅಂಡಮಾನಿನಿಂದ ಸುದ್ದಿ ಹೊರತಂದದ್ದು ಹವ್ಯಾಸಿಗಳು. ಆ ಋಣ ದೊಡ್ಡದು. ಆದರೆ ಅದು ಎರಡು ದಶಕ ಹಳೆಯ ಠೇವಣಿ, ಅದರ ಬಡ್ಡಿಯಲ್ಲೇ ಕಾಲ ಕಳೆಯುವಂತಿಲ್ಲ. ಇಂದಿನ ವಿಪತ್ತಿಗೆ ಬೇಕಾದದ್ದು ಧ್ವನಿ ಮಾತ್ರವಲ್ಲ. ಆಸ್ಪತ್ರೆಯ ಪಟ್ಟಿ, ನಕಾಶೆ, ಕುಸಿದ ಸೇತುವೆಯ ಚಿತ್ರವೂ ಬೇಕು. ಅಷ್ಟು ಮಾಹಿತಿ ಹೊರುವ ಅಗಲ ಇರುವುದು ಮೈಕ್ರೋವೇವ್‌ನಲ್ಲೇ. ಅಮೆರಿಕದ ಹವ್ಯಾಸಿಗಳು ಹಳೆಯ ವೈಫೈ ಉಪಕರಣಗಳಿಗೆ ಹೊಸ ತಂತ್ರಾಂಶ ತುಂಬಿ, ಬೆಟ್ಟದಿಂದ ಬೆಟ್ಟಕ್ಕೆ ಇಂಟರ್ನೆಟ್ ಇಲ್ಲದೆಯೇ ನಡೆಯುವ ಜಾಲಗಳನ್ನು ಕಟ್ಟಿದ್ದಾರೆ. ವಿಪತ್ತಿನ ಹೆಸರಿನಲ್ಲಿ ಮೈಕ್ರೋವೇವ್ ಬಿಡುವುದು, ಬೆಂಕಿ ಆರಿಸುವ ಹೆಸರಿನಲ್ಲಿ ಬಾವಿ ಮುಚ್ಚಿದಂತೆ.

ಇದು ಪರದೇಶದ ವಿದ್ಯೆ, ನಮಗೆ ಒಗ್ಗದು ಎನ್ನುವವರಂತೂ ಚರಿತ್ರೆಯನ್ನೇ ಓದಿಲ್ಲ. 1890ರ ದಶಕದಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸ್ 5 ಮಿಲಿಮೀಟರ್ ಅಲೆಗಳವರೆಗೂ ಕೆಲಸ ಮಾಡಿದರು. ತಿರುಚಿದ ಸೆಣಬಿನ ನಾರು ಅವರ ಉಪಕರಣವಾಯಿತು. ರೈಲ್ವೆ ವೇಳಾಪಟ್ಟಿಯ ಪುಸ್ತಕದ ಹಾಳೆಗಳ ನಡುವೆ ತವರದ ತಗಡು ಸೇರಿಸಿ ಅಲೆಗಳ ಧ್ರುವೀಕರಣ ತೋರಿಸಿದರು. ಅವರಿಗೆ ಸಿದ್ಧ ಸೆಟ್ ಮಾರುವ ಅಂಗಡಿ ಇರಲಿಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ಮೊದಲ ಹೆಜ್ಜೆ ಕೇಳುವುದು. 2018ರಲ್ಲಿ ಉಡಾವಣೆಯಾದ ಕತಾರಿನ ಉಪಗ್ರಹದಲ್ಲಿ ಕ್ಯೂಓ-100 ಎಂಬ ಹವ್ಯಾಸಿ ಟ್ರಾನ್ಸ್‌ಪಾಂಡರ್ ಇದೆ. ಮುಂಬೈಯಲ್ಲಿ ಅದು ಪಶ್ಚಿಮ-ನೈಋತ್ಯಕ್ಕೆ ಸುಮಾರು 33 ಡಿಗ್ರಿ ಎತ್ತರದಲ್ಲಿ, ಚೆನ್ನೈನಲ್ಲಿ 27ರಲ್ಲಿ, ದೆಹಲಿಯಲ್ಲಿ 25ರ ಹತ್ತಿರ ನಿಂತೇ ಇರುತ್ತದೆ. ಡಿಟಿಎಚ್ ಡಿಶ್‌ಗೆ 9750 ಮೆಗಾಹರ್ಟ್ಸ್ ಆಸಿಲೇಟರಿನ ಸ್ಥಿರವಾದ ಎಲ್‌ಎನ್‌ಬಿ ಹಾಕಿದರೆ 10489.5 ಮೆಗಾಹರ್ಟ್ಸ್‌ನ ಸಿಗ್ನಲ್ 739.5ಕ್ಕೆ ಇಳಿಯುತ್ತದೆ, ಅದನ್ನು ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರಿಸೀವರ್ ಹಿಡಿಯುತ್ತದೆ. ಅಲ್ಲೇ ಮೈಕ್ರೋವೇವ್‌ನ ಮೊದಲ ಪಾಠ: ಆಸಿಲೇಟರ್ ಹತ್ತು ಲಕ್ಷದಲ್ಲಿ ಒಂದು ಪಾಲು ಜಾರಿದರೆ ಸಿಗ್ನಲ್ ಹತ್ತು ಕಿಲೋಹರ್ಟ್ಸ್ ಓಡಿಹೋಗುತ್ತದೆ, ಮಾತು ಕೈಗೆ ಸಿಗುವುದಿಲ್ಲ. ಆ ಜಾರಾಟವನ್ನು ಹಿಡಿದು ನಿಲ್ಲಿಸಲು ಕಲಿಯುವುದೇ ಸ್ವಯಂ ಕಲಿಕೆ.

ಎರಡನೆಯ ಹೆಜ್ಜೆ ಕಟ್ಟುವುದು. ಪ್ರತಿ ಕ್ಲಬ್ಬೂ, ಲೈಸೆನ್ಸ್ ಒಪ್ಪುವ ಮಿತಿಯೊಳಗೆ, 5.7 ಗಿಗಾಹರ್ಟ್ಸ್‌ನ ಎರಡು ನಿಲ್ದಾಣಗಳನ್ನು ಕಟ್ಟಲಿ. ಒಂದು ಬೆಟ್ಟದ ಮೇಲೆ, ಒಂದು ಊರಿನಲ್ಲಿ. ಒಂದು ಮಳೆಗಾಲ, ಒಂದು ಬೇಸಗೆ ದಿನವೂ ಸಿಗ್ನಲ್ ಅಳೆದು ಬರೆದಿಡಲಿ. ಮುಂದಿನ ಹರಾಜಿನ ಹೊತ್ತಿಗೆ ಆ ದಾಖಲೆಯೇ ಹ್ಯಾಮ್‌ಗಳ ಫಾರಂ ನಂ. 7. ಅದು ಕೈಯಲ್ಲಿಲ್ಲದೆ ಹೋದರೆ, ಬೇಲಿ ಹಾಕಲು ಬಂದವರನ್ನು ತಡೆಯಲು ಯಾರಿಗೂ ಬಾಯಿ ಇರುವುದಿಲ್ಲ.