ಕೀಲೆಣ್ಣೆಯ ದಾರಿ

ದಾವಣಗೆರೆಯ ವಾಚಕಿಯೊಬ್ಬರು ಬರೆದ ಕಾಗದವೊಂದು ಈ ವಾರ ನಮ್ಮ ಮೇಜಿನ ಮೇಲಿದೆ. ಅವರ ಮನೆಯಲ್ಲಿ ಮಾವನವರ ಕಾಲದ 350 ಸಿ.ಸಿ. ಬುಲೆಟ್ ಮೋಟಾರು ಸೈಕಲ್ಲೊಂದು ಉಂಟು. ಮಾವನವರು ನಿತ್ಯವೂ ಅದರ ಮೇಲೆ ಕಚೇರಿಗೆ ಹೋಗಿಬರುತ್ತಿದ್ದರು. ಒಂದು ದಿನವೂ ದಾರಿಯಲ್ಲಿ ನಿಂತವರಲ್ಲವಂತೆ. ಮೊಮ್ಮಗನ ಕೈಗೆ ಬಂದ ಮೇಲೆ ಮೂರು ವರ್ಷಗಳಲ್ಲಿ ಎರಡು ಬಾರಿ ಅದರ ‘ಬಿಗ್ ಎಂಡ್’ ಕೆಟ್ಟಿದೆ. ಎರಡನೆಯ ಸಲವಂತೂ ಓಡುತ್ತಿದ್ದ ಹಾಗೆಯೇ ಎಂಜಿನ್ನು ಕಚ್ಚಿಕೊಂಡು, ಹಿಂದಿನ ಚಕ್ರ ಬಿಗಿದು, ಹುಡುಗ ರಸ್ತೆಯ ಅಂಚಿನ ಮರಳಿಗೆ ಬಿದ್ದ. ಮೊಣಕೈ ತರಚಿದ್ದಷ್ಟೇ; ಹಿಂದೆ ಲಾರಿ ಇರಲಿಲ್ಲವೆಂಬುದು ಹಿರಿಯರ ಪುಣ್ಯ. ಈಗ ಅವನು ಅದೇ ಗಾಡಿಯಲ್ಲಿ ಚಾರ್ಮಾಡಿ ಘಾಟಿಯ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೋಗಿಬರುವೆನೆಂದು ಹಟ ಹಿಡಿದಿದ್ದಾನೆ. ದುರಸ್ತಿಯ ಮೇಸ್ತ್ರಿ, “ದೊಡ್ಡ ಎಣ್ಣೆ ಪಂಪು ಹಾಕಿಸಿಬಿಡಿ, ಇನ್ನು ಚಿಂತೆಯಿಲ್ಲ” ಎನ್ನುತ್ತಾನೆ. ಈ ಮಾತು ನಿಜವೆ, ಅಥವಾ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆಯೆ ಎಂಬುದು ಆ ತಾಯಿಯ ಪ್ರಶ್ನೆ.

ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದಾನೆ. ಉಳಿದರ್ಧವನ್ನು ತಿಳಿಯದೆ ಪಂಪಿಗೆ ಹಣ ಸುರಿದರೆ ಮೂರನೆಯ ಬಾರಿಯೂ ಬಿಗ್ ಎಂಡ್ ಹೋಗಬಹುದು.

ನಮ್ಮ ಹಳ್ಳಿಯ ಗಾಡಿಯ ಅಡಿಯಲ್ಲಿ ತೂಗಾಡುತ್ತಿದ್ದ ಬಿದಿರಿನ ಕೊಳವೆಯನ್ನು ಹಿರಿಯ ವಾಚಕರು ಮರೆತಿರಲಾರರು. ಅದರಲ್ಲಿದ್ದ ಕೀಲೆಣ್ಣೆಯನ್ನು ಅಚ್ಚಿಗೆ ಸವರಿ ಗಾಡಿಕಾರ ಹೊರಡುತ್ತಿದ್ದ. ಮೋಟಾರು ಸೈಕಲ್ಲಿನ ಬಾಲ್ಯದಲ್ಲಿಯೂ ಪದ್ಧತಿ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ: ಟ್ಯಾಂಕಿನ ಬಳಿ ಒಂದು ಕೈಪಂಪು, ಸವಾರನು ಕೆಲವು ಮೈಲಿಗೊಮ್ಮೆ ಅದನ್ನು ಒತ್ತಬೇಕು. ಎಂಜಿನ್ನಿಗೆ ಹೋದ ಎಣ್ಣೆ ಉರಿದೋ ಸೋರಿಯೋ ಕಳೆದುಹೋಗುತ್ತಿತ್ತು. ಎಂಜಿನ್ನೇ ಎಣ್ಣೆಯನ್ನು ತಳ್ಳಿ, ಕೆಳಗೆ ಬಿದ್ದುದನ್ನು ಮತ್ತೆ ಸೇದಿ ತೊಟ್ಟಿಗೆ ಕಳುಹಿಸುವ ‘ಒಣ ತಳ’ದ ವಿಧಾನವನ್ನು ಮೊದಮೊದಲು ಅಳವಡಿಸಿಕೊಂಡವರಲ್ಲಿ ಇಂಗ್ಲೆಂಡಿನ ರೆಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಕಂಪೆನಿಯೂ ಒಂದು, 1913ರಲ್ಲಿಯೇ ತನ್ನ ಎರಡು ಸಿಲಿಂಡರಿನ ಗಾಡಿಗೆ ಅದನ್ನು ಕೂಡಿಸಿತ್ತು. ಬುಲೆಟ್ ಎಂಬ ಹೆಸರು ಅವರಲ್ಲಿ 1932ರಲ್ಲಿ ಹುಟ್ಟಿತು. ನಾವು ಬಲ್ಲ 350ರ ರೂಪ ಎರಡನೆಯ ಮಹಾಯುದ್ಧದ ತರುವಾಯದ್ದು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಗಿ ತಿರುವೊತ್ತಿಯೂರಿನ ಕಾರ್ಖಾನೆಯಲ್ಲಿ ಅದು ತಯಾರಾಗತೊಡಗಿತು. ತಾಯಿ ಸಂಸ್ಥೆ 1970ರಲ್ಲಿ ಕಣ್ಣು ಮುಚ್ಚಿತು. ದತ್ತು ಹೋದ ಮಗು ಮಾತ್ರ ಅದೇ ಎರಕದ ಕಬ್ಬಿಣದ ಸಿಲಿಂಡರು, ಅದೇ ಪುಟ್ಟ ಪಂಪುಗಳೊಡನೆ ಈ ಶತಮಾನದ ಮೊದಲ ದಶಕದವರೆಗೂ ಬಾಳಿತು. ಆ ಬಳಿಕ ಬಂದ ಹೊಸ ಎಂಜಿನ್ನುಗಳ ರಚನೆಯೇ ಬೇರೆ. ಇಲ್ಲಿ ಹೇಳುವ ಯಾವುದೂ ಅವುಗಳಿಗೆ ಅನ್ವಯಿಸದು.

ಹಳೆಯ ಬುಲೆಟ್ಟಿನಲ್ಲಿ ಎಣ್ಣೆಯ ತೊಟ್ಟಿ ಬೇರೆ ಇಲ್ಲ. ಕ್ರ್ಯಾಂಕ್ ತಿರುಗುವ ಕೋಣೆಯ ಹಿಂದೆಯೇ, ಅದೇ ಎರಕದಲ್ಲಿ, ಸುಮಾರು ಎರಡೂಕಾಲು ಲೀಟರು ಹಿಡಿಯುವ ಇನ್ನೊಂದು ಕೋಣೆಯಿದೆ. ಬಲಗಡೆಯ ಮುಚ್ಚಳದೊಳಗೆ ಎರಡು ಪಂಪುಗಳು. ಒಂದು, ಎಣ್ಣೆಯನ್ನು ಒಳಕ್ಕೆ ಕಳುಹಿಸುವುದು; ಇನ್ನೊಂದು, ಕೆಲಸ ಮುಗಿಸಿ ಕೆಳಗಿಳಿದ ಎಣ್ಣೆಯನ್ನು ಹಿಂದಿರುಗಿಸುವುದು. ಕ್ರ್ಯಾಂಕಿನ ತುದಿಯಲ್ಲಿರುವ ತಿರುಪುಹಲ್ಲು ಒಂದು ಕಡ್ಡಿಯನ್ನು ನಿಧಾನವಾಗಿ ತಿರುಗಿಸುತ್ತದೆ. ಆ ಕಡ್ಡಿಯ ಎರಡು ಕೊನೆಗಳೂ ಒಂದೊಂದು ಚಿಕ್ಕ ಕೊಂತವನ್ನು ಹಿಂದೆ ಮುಂದೆ ಆಡಿಸುತ್ತವೆ. ಕೊಂತವನ್ನು ಹಿಡಿದಿರುವ ತಟ್ಟೆಯು ತೊಟ್ಟಿಲಿನಂತೆ ಅತ್ತಿತ್ತ ತೂಗಿ, ಒಮ್ಮೆ ಒಂದು ರಂಧ್ರವನ್ನೂ ಇನ್ನೊಮ್ಮೆ ಮತ್ತೊಂದನ್ನೂ ತೆರೆಯುತ್ತದೆ. ಕವಾಟವಿಲ್ಲ, ಗುಂಡಿಲ್ಲ, ತಟ್ಟೆಯನ್ನು ಅದರ ಪೀಠಕ್ಕೆ ಒತ್ತಿಹಿಡಿಯಲು ಒಂದು ಸ್ಪ್ರಿಂಗು, ಅಷ್ಟೆ. ಸರಳತೆಯಲ್ಲಿ ಇದನ್ನು ಮೀರಿಸುವ ಪಂಪು ಅಪರೂಪ. ನಮ್ಮ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಇನ್ನೂ ಸರಳ, ಅದಕ್ಕೆ ಪಂಪೇ ಇರಲಿಲ್ಲವಲ್ಲ ಎಂದು ಜಾವಾಭಿಮಾನಿಗಳು ತಕರಾರು ತೆಗೆದಾರು. ನಿಜ, ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಕುಡಿಸಿದವರಿಗೆ ಪಂಪಿನ ಚಿಂತೆಯೂ ಇರಲಿಲ್ಲ, ಹೊಗೆಯ ಕೊರತೆಯೂ ಇರಲಿಲ್ಲ.

ಇನ್ನು ಬಿಗ್ ಎಂಡಿನ ಸಂಗತಿ. ಪಿಸ್ಟನ್ನಿನಿಂದ ಇಳಿದ ದಂಡದ ಕೆಳತುದಿ ಕ್ರ್ಯಾಂಕಿನ ಗೂಟವನ್ನು ಅಪ್ಪಿರುವ ಸ್ಥಾನಕ್ಕೆ ಈ ಹೆಸರು. ಬಹಳಷ್ಟು ಗಾಡಿಗಳಲ್ಲಿ ಇಲ್ಲಿ ಉರುಳುವ ಉಕ್ಕಿನ ರೋಲರುಗಳಿರುತ್ತವೆ. ಹಳೆಯ ಬುಲೆಟ್ಟಿನಲ್ಲಿ ಮಾತ್ರ ಒಂದು ತೇಲುವ ಬಳೆ. ಉಕ್ಕಿನ ಆ ಬಳೆಗೆ ಒಳಗೂ ಹೊರಗೂ ಬಿಳಿಲೋಹದ ಲೇಪ. ಐಸಾಕ್ ಬ್ಯಾಬಿಟ್ ಎಂಬ ಅಮೆರಿಕದವನು 1839ರಲ್ಲಿ ರೂಢಿಗೆ ತಂದ ಮಿಶ್ರಲೋಹದ ಸಂತತಿ ಇದು: ತವರ ಹೆಚ್ಚು, ಜೊತೆಗೆ ಆಂಟಿಮನಿ ಮತ್ತು ತಾಮ್ರ. ಮೃದುವಾದುದರಿಂದ ಗೂಟವನ್ನು ಗೀರದು. ಆದರೆ ಆ ಮೃದುತ್ವಕ್ಕೆ ಬೆಲೆಯುಂಟು. ಸುಮಾರು 240 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಅದು ಕರಗತೊಡಗುತ್ತದೆ. ರೋಲರಿಗೆ ಎಣ್ಣೆಯ ಸಿಂಪಡಿಕೆ ಇದ್ದರೂ ಸಾಕು, ಬಡತನದಲ್ಲಿಯೂ ಸಂಸಾರ ಮಾಡೀತು. ಬಳೆಗೆ ಹಾಗಲ್ಲ. ಲೋಹ ಲೋಹವನ್ನು ಮುಟ್ಟದಂತೆ ನಡುವೆ ಎಣ್ಣೆಯ ತೆಳುಪರದೆ ಸದಾ ಇರಬೇಕು, ಹುಟ್ಟಿದ ಬಿಸಿಯನ್ನು ಹೊತ್ತೊಯ್ಯಲು ಹೊಸ ಎಣ್ಣೆ ಬರುತ್ತಲೇ ಇರಬೇಕು. ಅಷ್ಟೇ ಅಲ್ಲ, ಬಳೆಯ ಅಂಚಿನಿಂದ ಚಿಮ್ಮುವ ಎಣ್ಣೆಯೇ ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ನನ್ನೂ ನೆನೆಸುವುದು. ಬಿಗ್ ಎಂಡ್ ಉಪವಾಸ ಬಿದ್ದರೆ ಅದರ ಮೇಲಿನವರಿಗೂ ಊಟವಿಲ್ಲ. ಆ ಹುಡುಗನ ಗಾಡಿ ಕಚ್ಚಿಕೊಂಡದ್ದಕ್ಕೆ ಕಾರಣವನ್ನು ಇಲ್ಲಿಯೇ ಹುಡುಕಬೇಕು.

ಹಾಗಾದರೆ ಅಜ್ಜನ ಕೈಯಲ್ಲಿ ಕೆಡದ್ದು ಮೊಮ್ಮಗನ ಕೈಯಲ್ಲಿ ಕೆಟ್ಟುದೇಕೆ? ಅಜ್ಜ ಗಂಟೆಗೆ ಐವತ್ತು ಅರವತ್ತು ಕಿಲೋಮೀಟರಿನಲ್ಲಿ ಹೋಗಿ, ನಡುವೆ ಕಾಫಿಗೆ ನಿಲ್ಲಿಸುತ್ತಿದ್ದಿರಬೇಕು. ಇಂದಿನ ಹೆದ್ದಾರಿಯಲ್ಲಿ ತೊಂಬತ್ತರ ವೇಗದಲ್ಲಿ ಎರಡು ಗಂಟೆ ಬಿಡದೆ ಓಡಿಸುವವರನ್ನು ಕಲ್ಪಿಸಿಕೊಂಡು ಆ ಪಂಪನ್ನು ಯಾರೂ ಅಳೆದಿರಲಿಲ್ಲ. ಮೇಲಾಗಿ ವರ್ಷಗಳು ಉರುಳಿದಂತೆ ಕೊಂತ ಸವೆಯುತ್ತದೆ, ತಟ್ಟೆಯ ಪೀಠದಲ್ಲಿ ಗೀರು ಬೀಳುತ್ತದೆ, ಸ್ಪ್ರಿಂಗು ಸೋಲುತ್ತದೆ. ತಳ್ಳಿದ ಎಣ್ಣೆಯ ಒಂದು ಪಾಲು ಅಲ್ಲಿಯೇ ಹಿಂದಕ್ಕೆ ಜಾರಿಬಿಡುತ್ತದೆ. ಎಣ್ಣೆ ಕಾದು ತೆಳುವಾದಷ್ಟೂ ಈ ಜಾರುವಿಕೆ ಹೆಚ್ಚು.

ಇಂಗ್ಲೆಂಡಿನ ಬಿಡಿಭಾಗದ ವ್ಯಾಪಾರಿಗಳು ಹಳೆಯ ಬುಲೆಟ್ಟಿಗೆಂದೇ ಹೆಚ್ಚಿನ ಗಾತ್ರದ ಪಂಪುಗಳನ್ನು ಮಾರುತ್ತಾರೆ, ನಮ್ಮಲ್ಲಿಯೂ ತರಿಸಿಕೊಡುವವರಿದ್ದಾರೆ. ಟ್ರಯಂಫ್ ಗಾಡಿಗಳ ಕೊಂತದ ಪಂಪನ್ನು ತೆಗೆದು ಮಾರ್ಗೋ ಎಂಬ ಸುತ್ತುವ ಪಂಪನ್ನು ಹಾಕುವ ಪರಿಪಾಠವೂ ಅಲ್ಲಿ ಹಳೆಯದೆ. ಬುಲೆಟ್ಟಿನ ದೊಡ್ಡ ಪಂಪಿನಲ್ಲಿ ಬದಲಾಗುವುದು ಕೊಂತದ ದಪ್ಪ. ವ್ಯಾಸವನ್ನು ಕಾಲುಪಾಲು ಹೆಚ್ಚಿಸಿದರೆ ಎಣ್ಣೆ ಕಾಲುಪಾಲಲ್ಲ, ಅರ್ಧಕ್ಕಿಂತಲೂ ಮಿಗಿಲಾಗಿ ಹೆಚ್ಚುತ್ತದೆ. ವ್ಯಾಸದ ವರ್ಗವನ್ನು ಲೆಕ್ಕ ಹಾಕಿದರೆ ಶಾಲೆಯ ಮಕ್ಕಳಿಗೂ ಇದು ತಿಳಿದೀತು. ಬಳೆಯ ಬಿಗ್ ಎಂಡ್ ಇರುವ ಗಾಡಿಗೆ ಇದು ದಂಡದ ಖರ್ಚಲ್ಲವೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಹಿಂದಿನ ದುರಸ್ತಿಯಲ್ಲಿ ಬಳೆಯನ್ನು ತೆಗೆದು ರೋಲರನ್ನು ಹಾಕಿದ್ದರೆ ಪಂಪಿಗೆ ಇಷ್ಟು ಅವಸರವಿಲ್ಲ. ಮೇಸ್ತ್ರಿಯನ್ನು ಮೊದಲು ಕೇಳಬೇಕಾದ ಪ್ರಶ್ನೆಯೇ ಇದು.

ಒಳಕ್ಕೆ ಕಳುಹಿಸುವ ಪಂಪನ್ನು ಮಾತ್ರ ದೊಡ್ಡದು ಮಾಡಿ, ಹಿಂದಿರುಗಿಸುವುದನ್ನು ಹಾಗೆಯೇ ಬಿಡುವವರಿದ್ದಾರೆ. ನಲ್ಲಿಯನ್ನು ಹಿರಿದು ಮಾಡಿ ಬಚ್ಚಲಿನ ಕಿಂಡಿಯನ್ನು ಮೊದಲಿನಂತೆಯೇ ಇಟ್ಟರೆ ಏನಾಗುವುದೆಂದು ಗೃಹಿಣಿಯರಿಗೆ ವಿವರಿಸಬೇಕಾಗಿಲ್ಲ. ಕ್ರ್ಯಾಂಕ್ ಕೋಣೆಯಲ್ಲಿ ಎಣ್ಣೆ ನಿಂತು, ಹೊಗೆ ಕಾರಿ, ಸಂದುಗೊಂದುಗಳಿಂದೆಲ್ಲ ಒಸರತೊಡಗುತ್ತದೆ. ಮೂಲ ರಚನೆಯಲ್ಲಿಯೇ ಹಿಂದಿರುಗಿಸುವ ಪಂಪು ಹೆಚ್ಚಿನದು. ಆ ಅಂತರ ಉಳಿಯಬೇಕಾದರೆ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಹೊಸ ತಟ್ಟೆಗಳನ್ನು ಅವುಗಳ ಪೀಠಕ್ಕೆ ನುಣುಪಾದ ಮಸೆಯುವ ಹಿಟ್ಟಿನಿಂದ ಉಜ್ಜಿ ಕೂಡಿಸಬೇಕು, ಅನಂತರ ಆ ಹಿಟ್ಟಿನ ಒಂದು ಕಣವೂ ಉಳಿಯದಂತೆ ತೊಳೆಯಬೇಕು. ಉಳಿದ ಹಿಟ್ಟು ಹೋಗಿ ಸೇರುವುದು ಆ ಮೃದುವಾದ ಬಳೆಗೇ. ದೊಡ್ಡ ಕೊಂತವನ್ನು ತಳ್ಳಲು ತಿರುಪುಹಲ್ಲಿಗೂ ಕಡ್ಡಿಗೂ ಶ್ರಮ ಹೆಚ್ಚು. ಅವು ಸವೆದಿದ್ದರೆ ಅವನ್ನೂ ಬದಲಿಸುವುದು ಲೇಸು. ಆ ಹಲ್ಲು ಮುರಿದರೆ ಎರಡು ಪಂಪುಗಳೂ ಏಕಕಾಲದಲ್ಲಿ ನಿಲ್ಲುತ್ತವೆ, ಸವಾರನಿಗೆ ಸುಳಿವೇ ಸಿಕ್ಕದು.

ಮೇಸ್ತ್ರಿ ಹೇಳದೆ ಬಿಟ್ಟ ಅರ್ಧ ಇನ್ನೂ ಚಿಕ್ಕದು. ಪಂಪಿನಿಂದ ಹೊರಟ ಎಣ್ಣೆ ಶೋಧಕವನ್ನು ಹಾದು, ತಿರುಗುತ್ತಿರುವ ಕ್ರ್ಯಾಂಕಿನ ತುದಿಯ ತೂತನ್ನು ಹೊಕ್ಕು, ಅಲ್ಲಿಂದ ಗೂಟಕ್ಕೂ ಬಳೆಗೂ ಸೇರಬೇಕು. ನಿಂತ ಮುಚ್ಚಳದಿಂದ ತಿರುಗುವ ಕ್ರ್ಯಾಂಕಿಗೆ ಎಣ್ಣೆ ದಾಟುವ ಆ ಸಂಧಿಯಲ್ಲಿ ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಒಂದು ಬಿರಡೆಯ ಬಳೆ ಇರುತ್ತದೆ. ಕೆಲವರು ರಬ್ಬರಿನದನ್ನು ಹಾಕುತ್ತಾರೆ. ಅದು ಒಣಗಿ ಕುಗ್ಗಿತೆಂದರೆ ಎಣ್ಣೆ ಸುಲಭದ ದಾರಿ ಹಿಡಿದು ಹಲ್ಲುಚಕ್ರಗಳ ಕೋಣೆಗೆ ಸುರಿಯುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ತೊಟ್ಟಿಯಲ್ಲಿ ಮಟ್ಟ ಇಳಿಯುವುದಿಲ್ಲ. ಬಿಗ್ ಎಂಡ್ ಮಾತ್ರ ಬಾಯಾರಿ ಸಾಯುತ್ತದೆ. ದೊಡ್ಡ ಪಂಪು ಹಾಕಿಯೂ ಕೆಟ್ಟ ಗಾಡಿಯಲ್ಲಿ ನಾನು ಮೊದಲು ಅನುಮಾನಿಸುವುದು ಈ ಬಿರಡೆಯನ್ನು. ಬಲಗಡೆಯ ಮುಚ್ಚಳವನ್ನು ಬಿಚ್ಚಿದಾಗಲೆಲ್ಲ ಅದನ್ನು ಹೊಸದು ಮಾಡಬೇಕು. ಅದರ ಬೆಲೆ ಒಂದು ದೋಸೆಯ ಬೆಲೆಯನ್ನು ಮೀರಲಾರದು. ಸಿಲಿಂಡರಿನ ಪಕ್ಕದಲ್ಲಿ ಮೇಲಕ್ಕೆ ಹೋಗುವ ಕೊಳವೆಯ ತಿರುಪನ್ನು ಸಡಿಲಿಸಿ, ಎಣ್ಣೆ ಒಸರುವುದನ್ನು ತೋರಿಸಿ, “ನೋಡಿ, ಪಂಪು ಸರಿಯಾಗಿದೆ” ಎನ್ನುವುದು ಕೆಲವು ಮೇಸ್ತ್ರಿಗಳ ವಾಡಿಕೆ. ಅದು ಬೇರೆ ಕವಲು. ಬಿಗ್ ಎಂಡಿಗೆ ಎಣ್ಣೆ ಮುಟ್ಟಿತೆನ್ನಲು ಅದು ಸಾಕ್ಷಿಯಾಗದು.

ಘಾಟಿಯ ಬಗೆಗೂ ಒಂದು ಮಾತು. ಧರ್ಮಸ್ಥಳಕ್ಕೆ ಇಳಿಯುವಾಗ ಭಯವಿಲ್ಲ, ಎಂಜಿನ್ನಿನ ಮೇಲೆ ಹೊರೆಯಿರದು. ಹಿಂದಿರುಗಿ ಏರುವಾಗ, ಬುಲೆಟ್ಟಿನ ಗುಡುಗು ಕೇಳಲೆಂದು ಮೇಲಿನ ಗೇರಿನಲ್ಲಿಯೇ ಎಳೆಸುವುದುಂಟಲ್ಲ, ಅದೇ ಬಳೆಗೆ ಮೃತ್ಯು. ಆಗ ಎಂಜಿನ್ನಿನ ಸುತ್ತು ಕಡಿಮೆ, ಪಂಪೂ ನಿಧಾನ, ಎಣ್ಣೆ ಕಾದು ತೆಳು, ಪಿಸ್ಟನ್ನಿನ ಹೊಡೆತವಾದರೋ ಪೂರ್ಣ. ಪಂಪು ಎಷ್ಟೇ ದೊಡ್ಡದಿರಲಿ, ಗೇರು ಇಳಿಸಿ ಎಂಜಿನ್ನನ್ನು ಹಗುರವಾಗಿ ಓಡಲು ಬಿಟ್ಟು ಏರಬೇಕೆಂದು ಹುಡುಗನಿಗೆ ಹೇಳಿ. ತಾಯಿ ಹೇಳಿದರೆ ಕೇಳದವನು ಅಜ್ಜ ಹೀಗೆಯೇ ಏರುತ್ತಿದ್ದರೆಂದರೆ ಕೇಳಿಯಾನು.

ಹೊಸ ಪಂಪು, ಹೊಸ ಬಿರಡೆ, ಹೊಸ ಶೋಧಕ, 20ಡಬ್ಲ್ಯೂ-50 ದರ್ಜೆಯ ಎಣ್ಣೆ, ಇಷ್ಟೂ ಆದ ಮೇಲೆ ಗಾಡಿಯನ್ನು ಒದ್ದು ಒಮ್ಮೆಲೇ ಬೀದಿಗಿಳಿಯಕೂಡದು. ಶೋಧಕದ ಬಟ್ಟಲು ಬರಿದಾಗಿರುತ್ತದೆ. ಅದು ತುಂಬುವವರೆಗೆ ಬಿಗ್ ಎಂಡಿಗೆ ಹನಿ ಎಣ್ಣೆಯೂ ಸಿಗದು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿಟ್ಟು ಹತ್ತಿಪ್ಪತ್ತು ಬಾರಿ ಸುಮ್ಮನೆ ಒದೆಯಲಿ. ಬಳಿಕ ಪ್ಲಗ್ಗು ಹಾಕಿ, ಐದು ನಿಮಿಷ ನಿಂತಲ್ಲಿಯೇ ನಿಧಾನವಾಗಿ ಓಡಿಸಿ, ನಿಲ್ಲಿಸಿ, ತೊಟ್ಟಿಯ ಮಟ್ಟವನ್ನು ಅಳತೆಕಡ್ಡಿಯಿಂದ ನೋಡಲಿ. ಬಟ್ಟಲು ಕುಡಿದಷ್ಟು ಎಣ್ಣೆ ಇಳಿದಿರುತ್ತದೆ. ಅಷ್ಟನ್ನು ಮತ್ತೆ ತುಂಬಿ ಹೊರಡಬಹುದು.