ಉದ್ಘಾಟನೆಯೇ ಇಲ್ಲದ ಕೆಲಸ: ಮೊಸುಲ್ ಅಣೆಕಟ್ಟು ಹೇಳುವ ರಾಜಕಾರಣ

ಅಣೆಕಟ್ಟು ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತೆ. ಅದು ಒಡೆಯದಂತೆ ಕಾಯುವವರ ಹೆಸರು ಎಲ್ಲೂ ಇರಲ್ಲ. ಇರಾಕ್‌ನ ಮೊಸುಲ್ ಅಣೆಕಟ್ಟಿನ ಕತೆಯನ್ನು ನಾನು ಎಂಜಿನಿಯರಿಂಗ್‌ಗಿಂತ ಹೆಚ್ಚಾಗಿ ಈ ರಾಜಕಾರಣದ ಕತೆಯಾಗಿ ಓದುತ್ತೇನೆ.

ಟೈಗ್ರಿಸ್ ನದಿಗೆ ಅಡ್ಡಲಾಗಿ 1980ರ ದಶಕದಲ್ಲಿ ಎದ್ದ ಈ ಮಣ್ಣಿನ ಅಣೆಕಟ್ಟಿಗೆ ಆಗ ಇಟ್ಟ ಹೆಸರು ಸದ್ದಾಂ ಅಣೆಕಟ್ಟು. ಎತ್ತರ 113 ಮೀಟರ್, ಉದ್ದ ಸುಮಾರು 3.4 ಕಿ.ಮೀ. ಆದರೆ ಅದು ಕೂತಿರೋದು ನೀರಿಗೆ ಕರಗುವ ಜಿಪ್ಸಮ್ ಪದರಗಳ ಮೇಲೆ. ಇದು ಮೊದಲೇ ಗೊತ್ತಿತ್ತು. ಆದರೂ ಕಟ್ಟಿದರು.

ಮಣ್ಣಿನ ಅಣೆಕಟ್ಟು ಸ್ವಲ್ಪ ಜಿನುಗುವುದು ಸಹಜ. ನೀರು ಕದಡಿ ಬಂದರೆ ಮಾತ್ರ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಮೊಸುಲ್‌ನಲ್ಲಿ ತಿಳಿನೀರನ್ನೂ ನಂಬುವಂತಿಲ್ಲ. ಕರಗಿದ ಜಿಪ್ಸಮ್ ಕಣ್ಣಿಗೆ ಕಾಣಲ್ಲ.

ಇದಕ್ಕೆ ಮದ್ದು ಗ್ರೌಟಿಂಗ್. ಅಣೆಕಟ್ಟಿನ ತಳದ ಸುರಂಗದಿಂದ ಬಂಡೆಯೊಳಗೆ ಸಾಲಾಗಿ ರಂಧ್ರ ಕೊರೆದು, ಸಿಮೆಂಟ್ ಹಾಲನ್ನು ಒತ್ತಡದಲ್ಲಿ ತುಂಬುತ್ತಾರೆ. ಅದು ಗಟ್ಟಿಯಾಗಿ ನೆಲದೊಳಗೆ ತಡೆಗೋಡೆಯಾಗುತ್ತದೆ. ಬೇರೆಡೆ ಇದು ಬಹುಮಟ್ಟಿಗೆ ಒಂದು ಸಲದ ಕೆಲಸ. ಇಲ್ಲಿ ಒಂದು ಪೊಳ್ಳು ಮುಚ್ಚಿದರೆ ನೀರು ಪಕ್ಕದಲ್ಲಿ ಇನ್ನೊಂದು ದಾರಿ ಹುಡುಕುತ್ತೆ. ಹಾಗಾಗಿ 1986ರಿಂದ ಗ್ರೌಟಿಂಗ್ ನಡೆಯುತ್ತಲೇ ಇದೆ.

ಹೀಗೆ ನಿಲ್ಲಿಸಲಾಗದ ಕೆಲಸಕ್ಕೆ ನಿಲ್ಲದ ಆಡಳಿತವೂ ಬೇಕು. 2014ರ ಆಗಸ್ಟ್‌ನಲ್ಲಿ ಐಸಿಸ್ ಅಣೆಕಟ್ಟನ್ನು ವಶಪಡಿಸಿಕೊಂಡಿತು. ಎರಡು ವಾರದೊಳಗೆ ಅದು ವಾಪಸ್ ಬಂತು ನಿಜ, ಆದರೆ ಕೆಲಸದ ಲಯ ತಪ್ಪಿತ್ತು. 2016ರಲ್ಲಿ ಅಮೆರಿಕದ ರಾಯಭಾರ ಕಚೇರಿಯೇ ಎಚ್ಚರಿಕೆ ಕೊಟ್ಟಿತು: ಒಡೆದರೆ ನದಿ ದಂಡೆಯ 5 ಲಕ್ಷದಿಂದ 14.7 ಲಕ್ಷ ಜನರ ಜೀವಕ್ಕೆ ಅಪಾಯ. ಆಮೇಲೆ ಇಟಲಿಯ ಟ್ರೆವಿ ಕಂಪನಿ ಬಂದು ಗ್ರೌಟಿಂಗ್ ಮಾಡಿ, ಸ್ಥಳೀಯರಿಗೂ ಕಲಿಸಿ, 2019ರಲ್ಲಿ ಕೆಲಸವನ್ನು ಇರಾಕಿಗಳ ಕೈಗೆ ಒಪ್ಪಿಸಿತು. ಪ್ರವಾಹ ತಡೆಯಲೆಂದು ಕೆಳಗಡೆ 1988ರಲ್ಲಿ ಶುರುವಾದ ಬಾದುಷ್ ಅಣೆಕಟ್ಟು ಮಾತ್ರ 1991ರಿಂದ ಅರ್ಧಕ್ಕೇ ನಿಂತಿತು.

ನಮ್ಮಲ್ಲಿ ಜಿಪ್ಸಮ್ ಸಮಸ್ಯೆ ಇಲ್ಲದಿರಬಹುದು, ನಿರ್ವಹಣೆಯ ಸಮಸ್ಯೆ ಇದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾದ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ರಾಜ್ಯವೇ ಬೆಚ್ಚಿಬಿತ್ತು. ಗೇಟ್ ಹೋದರೆ ಟಿವಿಯಲ್ಲಿ ಕಾಣುತ್ತೆ. ತಳದ ಸೋರಿಕೆ ಕಾಣಲ್ಲ. ಕಾಣುವ ಹೊತ್ತಿಗೆ ತಡವಾಗಿರುತ್ತೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲದ ಮೊದಲು ಮತ್ತು ನಂತರ ತಪಾಸಣೆ ಕಡ್ಡಾಯ ಮಾಡಿದೆ. ಆದರೆ ಅಣೆಕಟ್ಟಿನ ಕೆಳಗೆ ಬದುಕುವ ರೈತನಿಗೆ ಆ ವರದಿ ಸುಲಭಕ್ಕೆ ಸಿಗದಿದ್ದರೆ ಅದು ಫೈಲಷ್ಟೇ. ಜಲಾಶಯದ ಮಟ್ಟ ದಿನವೂ ಪತ್ರಿಕೆಯಲ್ಲಿ ಬರುತ್ತೆ. ಸೋರಿಕೆಯ ಅಳತೆಯೂ ಅದರ ಪಕ್ಕದಲ್ಲೇ, ಕನ್ನಡದಲ್ಲೇ ಬರಲಿ. ಮುಂದಿನ ಸಲ ಓಟು ಕೇಳಲು ಬಂದವರು ಹೊಸ ಅಣೆಕಟ್ಟಿನ ಮಾತೆತ್ತಿದರೆ, ಹಳೆಯದರ ರಿಪೇರಿಗೆ ಎಷ್ಟು ದುಡ್ಡು ಇಟ್ಟಿದ್ದೀರಿ ಅಂತ ಮೊದಲು ಕೇಳೋಣ.